ನೀರುಗಂಟಿ ಇಲ್ಲದ ಕೆರೆ

ಅಪ್ಪನ ಎಡಗಡೆ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿದ್ದು ಹೋದ ವರ್ಷ ಯುಗಾದಿ ಕಳೆದ ವಾರಕ್ಕೆ. ನಮ್ಮ ಶಿರಾ ಕಡೆ ಸರ್ಪಸುತ್ತು ಅಂದರೆ ಮೊದಲು ಕೆಮ್ಮಣ್ಣು, ಆಮೇಲೆ ಡಾಕ್ಟರು. ಅಮ್ಮ ಎರಡು ದಿನ ಕೆಮ್ಮಣ್ಣು ಹಚ್ಚಿದರು, ತಲೆ ಬಾಲ ಸೇರಿಬಿಟ್ಟರೆ ಕಷ್ಟ ಅಂತ ದಿನಕ್ಕೆ ನಾಲ್ಕು ಸಲ ಬನಿಯನ್ ಎತ್ತಿಸಿ ನೋಡಿದರು. ಮೂರನೇ ದಿನ ಉರಿ ತಡೆಯೋಕೆ ಆಗದೆ ಅಪ್ಪ ತಾವೇ ಬಸ್ ಹತ್ತಿ ಡಾಕ್ಟರ ಹತ್ತಿರ ಹೋದರು. ಅವರು ಮಾತ್ರೆ ಬರೆದುಕೊಟ್ಟು, ಇಷ್ಟು ಜೋರಾಗಿ ಎದ್ದಿದೆಯಲ್ಲ ಮೇಷ್ಟ್ರೇ, ಸಕ್ಕರೆ ಒಂದು ಸಲ ನೋಡಿಬಿಡೋಣ ಅಂತ ರಕ್ತ ತೆಗೆಸಿದರು. ಸಕ್ಕರೆ ಸರಿಯಾಗಿತ್ತು. ಬಿಳಿ ರಕ್ತಕಣ 28,400 ಇತ್ತು. ಇರಬೇಕಾದ್ದು 4,000ದಿಂದ 11,000.

ಲ್ಯಾಬಿನ ಹುಡುಗ ಮಷೀನ್ ಕೆಟ್ಟಿರಬೇಕು ಅಂತ ಎರಡನೇ ಸಲ ಹಾಕಿದನಂತೆ. ಅದೇ ಬಂತು. ಆಮೇಲೆ ಗಾಜಿನ ಮೇಲೆ ಒಂದು ಹನಿ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲಿ ನೋಡಿದರೂ ಲಿಂಫೋಸೈಟ್ ಅನ್ನೋ ಒಂದು ಥರದ ಬಿಳಿ ರಕ್ತಕಣ, ನಡುನಡುವೆ ಒಡೆದು ಹರಡಿದ ಮಸಿ ಕಲೆಗಳ ಥರದವು. ಅವನ್ನು ಸ್ಮಡ್ಜ್ ಸೆಲ್ ಅಂತಾರೆ. ಈ ಕಾಯಿಲೆಯ ಜೀವಕೋಶಗಳು ಬಹಳ ಮೆತ್ತಗೆ, ಗಾಜಿನ ಮೇಲೆ ಸವರುವಾಗಲೇ ಒಡೆದು ಹೋಗುತ್ತವೆ. ಅದನ್ನು ನೋಡಿದ ಪೆಥಾಲಜಿಸ್ಟ್ ರಿಪೋರ್ಟಿನ ಕೊನೆಯಲ್ಲಿ ಬೆಂಗಳೂರಿಗೆ ಹೋಗಿ ಅಂತ ಒಂದು ಸಾಲು ಬರೆದಿದ್ದರು.

ಬೆಂಗಳೂರಿನ ರಕ್ತದ ಡಾಕ್ಟರು ಸಮಾಧಾನದ ಮನುಷ್ಯ. ಕುತ್ತಿಗೆ, ಕಂಕುಳು, ಹೊಟ್ಟೆ ಎಲ್ಲ ಮುಟ್ಟಿ ನೋಡಿದರು. ಗಂಟು ಇಲ್ಲ, ಗುಲ್ಮ ಊದಿಲ್ಲ, ಹಿಮೋಗ್ಲೋಬಿನ್ 13ರ ಮೇಲೆ, ಪ್ಲೇಟ್‌ಲೆಟ್ 1,86,000. ಇನ್ನೊಂದು ರಕ್ತಪರೀಕ್ಷೆ ಮಾಡಿಸಿ, ಒಂದು ವಾರ ಬಿಟ್ಟು ಕರೆದು, ಕಾಯಿಲೆಯ ಹೆಸರು ಹೇಳಿದರು. ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೀಮಿಯಾ, ಚಿಕ್ಕದಾಗಿ ಸಿಎಲ್‌ಎಲ್. ಕ್ಯಾನ್ಸರ್ ಹೌದು. ಔಷಧಿ ಈಗ ಬೇಡ. ಮೂರು ತಿಂಗಳಿಗೊಮ್ಮೆ ರಕ್ತ ನೋಡುತ್ತಾ ಇರೋಣ.

ಈ ಎರಡು ಮಾತು ಒಟ್ಟಿಗೆ ನಮ್ಮ ಮನೆಯಲ್ಲಿ ಯಾರ ತಲೆಗೂ ಇಳಿಯಲಿಲ್ಲ. ಅತ್ತೆ ಫೋನಿನಲ್ಲೇ ರೇಗಿದರು, "ಕ್ಯಾನ್ಸರ್ ಅಂತೀರ, ಔಷಧಿ ಬೇಡ ಅಂತೀರ, ಅದೆಂಥ ಡಾಕ್ಟ್ರೋ ಅವ್ನು, ದುಡ್ಡಿಲ್ಲ ಅಂತ ಸುಮ್ನಿದ್ದೀರೇನ್ರೋ?" ದುಡ್ಡಿನ ಮಾತಲ್ಲ ಅತ್ತೆ ಅಂದರೂ ಅವರು ನಂಬಲಿಲ್ಲ. ನಿಜ ಹೇಳಬೇಕು ಅಂದರೆ ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಆಮೇಲೆ ಓದಿದೆ. 1998ರಲ್ಲಿ ಫ್ರಾನ್ಸಿನವರು ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಇಂಥ ಆರಂಭದ ಹಂತದ ರೋಗಿಗಳಲ್ಲಿ ಒಂದು ಗುಂಪಿಗೆ ಮೊದಲೇ ಮಾತ್ರೆ ಕೊಟ್ಟು, ಇನ್ನೊಂದು ಗುಂಪನ್ನು ಕಾಯಿಸಿ ನೋಡಿದರು. ಮೊದಲೇ ಮಾತ್ರೆ ನುಂಗಿದವರು ಜಾಸ್ತಿ ವರ್ಷವೇನೂ ಬದುಕಲಿಲ್ಲ. ಇನ್ನು ಗಂಟು, ಗುಲ್ಮ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಇಷ್ಟನ್ನೇ ನೋಡಿ ಹಂತ ಹೇಳುವ ಲೆಕ್ಕವನ್ನು 1975ರಲ್ಲಿ ಮಾಡಿಕೊಟ್ಟವರು ಕಾಂತಿ ರೈ, ಜೋಧ್‌ಪುರದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದವರು. ಇವತ್ತಿಗೂ ಅದೇ ಲೆಕ್ಕ. ಅಪ್ಪ ಅದರಲ್ಲಿ ಸೊನ್ನೆ. ಜೀವಮಾನವೆಲ್ಲ ಮಕ್ಕಳಿಗೆ ಮಾರ್ಕ್ಸ್ ಹಾಕಿದ ಮೇಷ್ಟ್ರಿಗೆ ಸೊನ್ನೆ ಬಂದು ಮನೆಯವರೆಲ್ಲ ಖುಷಿಪಟ್ಟಿದ್ದು ಅದೇ ಮೊದಲು.

ಇಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಡಾಕ್ಟರು ಫಿಶ್ ಅನ್ನೋ ಇನ್ನೊಂದು ಟೆಸ್ಟ್ ಬರೆದಿದ್ದರು. ಅದರ ರಿಪೋರ್ಟ್ ಒಂದು ರಾತ್ರಿ 10 ಮುಕ್ಕಾಲಿಗೆ ನನ್ನ ಫೋನಿಗೆ ಬಂತು. ಕಳಿಸಿದ ಲ್ಯಾಬಿನವರು ಹಿಂದೆ ಮುಂದೆ ಏನೂ ಬರೆದಿರಲಿಲ್ಲ. ನಾಲ್ಕು ಪುಟ, ಅದರಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲು: 13ನೇ ಕ್ರೋಮೋಸೋಮಿನ ಕ್ಯೂ14 ಭಾಗ ಡಿಲೀಟ್ ಆಗಿದೆ, 200 ಜೀವಕೋಶಗಳಲ್ಲಿ 142ರಲ್ಲಿ. ಆ ಡಿಲೀಟ್ ಅನ್ನೋ ಪದ ನೋಡಿ ನನಗೆ ಕೈಕಾಲು ತಣ್ಣಗಾಯಿತು. ಫೋನಿನಲ್ಲಿ ಫೋಟೋ ಡಿಲೀಟ್ ಮಾಡುವ ಪದ ಅಪ್ಪನ ರಕ್ತದ ಮೇಲೆ ಬಂದು ಕೂತಿತ್ತು. ಅಮ್ಮ ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದರು, ಏನೋ ಅದು ಅಂದರು, ಆಫೀಸಿಂದು ಅಂದೆ.

ಫಿಶ್ ಅಂದರೆ ಮೀನಲ್ಲ. ಕ್ರೋಮೋಸೋಮಿನ, ಅಂದರೆ ಜೀನ್‌ಗಳು ಸಾಲಾಗಿರುವ ಡಿಎನ್‌ಎ ಎಳೆಯ, ಯಾವುದೋ ಒಂದು ಜಾಗಕ್ಕೇ ಅಂಟಿಕೊಳ್ಳುವ, ಹೊಳೆಯುವ ಬಣ್ಣದ ತುಣುಕನ್ನು ಬಿಟ್ಟು ನೋಡುವ ಟೆಸ್ಟ್. ನಮ್ಮ ಪ್ರತಿ ಜೀವಕೋಶದಲ್ಲೂ 13ನೇ ಕ್ರೋಮೋಸೋಮ್ ಎರಡು ಇರುತ್ತವೆ, ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು. ಅನುಮಾನ ಇರುವ ಜಾಗಕ್ಕೆ ಕೆಂಪು, ಅದೇ ಕ್ರೋಮೋಸೋಮಿನ ತುದಿಗೆ ಹಸಿರು ಹಾಕಿದರೆ ಸರಿಯಾಗಿರುವ ಜೀವಕೋಶದಲ್ಲಿ ಎರಡು ಕೆಂಪು, ಎರಡು ಹಸಿರು ಚುಕ್ಕೆ ಕಾಣಬೇಕು. ರಿಪೋರ್ಟಿನ ಜೊತೆ ಒಂದು ಫೋಟೋ ಇತ್ತು. ಕಪ್ಪು ಹಿನ್ನೆಲೆ, ನೇರಳೆ ಹಣ್ಣಿನ ಥರದ ನೀಲಿ ಉಂಡೆಗಳು, ಒಂದೊಂದರಲ್ಲೂ ಎರಡು ಹಸಿರು, ಒಂದೇ ಕೆಂಪು. ನಾನು ಫೋಟೋ ದೊಡ್ಡದು ಮಾಡಿ ಮಾಡಿ ಇನ್ನೊಂದು ಕೆಂಪು ಚುಕ್ಕೆ ಹುಡುಕಿದೆ. ದಡ್ಡತನ ಅಲ್ವಾ.

ಆ ರಾತ್ರಿ ಒಂದೂವರೆವರೆಗೆ ಓದಿದೆ. ಮೊದಲು ಸಿಕ್ಕಿದ್ದೇ ಸಮಾಧಾನದ ಸುದ್ದಿ. ಜರ್ಮನಿಯ ಡೋನರ್ ಮತ್ತವರ ಜೊತೆಯವರು 2000ದಲ್ಲಿ 325 ಜನ ಸಿಎಲ್‌ಎಲ್ ರೋಗಿಗಳ ಮೇಲೆ ಇದೇ ಟೆಸ್ಟ್ ಮಾಡಿ ಪ್ರಕಟಿಸಿದ್ದರು. ಶೇಕಡ 55 ಜನರಲ್ಲಿ ಇದೇ 13ರ ತುಣುಕು ಹೋಗಿತ್ತು. ಈ ಕಾಯಿಲೆಯಲ್ಲಿ ಅತಿ ಹೆಚ್ಚು ಕಾಣುವ ತೊಡಕೇ ಇದು. ಮತ್ತೆ, ಇದೊಂದೇ ಹೋಗಿ ಬೇರೆಲ್ಲ ಸರಿಯಿದ್ದವರು ಎಲ್ಲರಿಗಿಂತ ಜಾಸ್ತಿ ಕಾಲ ಬದುಕಿದ್ದರು. ಅರ್ಧದಷ್ಟು ಜನ 133 ತಿಂಗಳು ದಾಟಿದ್ದರು. ಏನೂ ತೊಡಕು ಕಾಣದವರಿಗಿಂತಲೂ ಒಂದು ಕೈ ಮೇಲು. 17ನೇ ಕ್ರೋಮೋಸೋಮಿನ ತುಣುಕು ಹೋದವರಲ್ಲಿ ಅದೇ ಲೆಕ್ಕ 32 ತಿಂಗಳು. ಈಗಿನ ಔಷಧಿಗಳು ಬರೋಕೆ ಮುಂಚಿನ ಲೆಕ್ಕ ಇದು. ಅಪ್ಪನ ರಿಪೋರ್ಟಿನಲ್ಲಿ 17 ಸರಿಯಾಗಿತ್ತು, 11 ಸರಿಯಾಗಿತ್ತು, 12 ಸರಿಯಾಗಿತ್ತು. ನಾನು ದಪ್ಪಕ್ಷರ ನೋಡಿ ಗಾಬರಿಯಾಗಿ, ಅದರ ಕೆಳಗಿನ ಸಣ್ಣಕ್ಷರ ಓದಿರಲೇ ಇಲ್ಲ.

ಸರಿ, ಗಾಬರಿ ಇಳಿಯಿತು. ಆದರೆ ಆಮೇಲೆ ಬೇರೆ ಹುಳ ತಲೆಗೆ ಹೊಕ್ಕಿತು. ಏನು ಹೋಯಿತು ಅಲ್ಲಿಂದ? ಒಂದು ತುಣುಕು ಕಳೆದುಹೋದರೆ ಜೀವಕೋಶ ಸೊರಗಬೇಕು. ಇಲ್ಲಿ ನೋಡಿದರೆ ಕಳೆದುಕೊಂಡವೇ ಬೆಳೆದುಕೊಂಡು ಕೂತಿವೆ.

ಇದರ ಹಿಂದಿನ ಹುಡುಕಾಟದ ಕಥೆ ಚೆನ್ನಾಗಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

13ನೇ ಕ್ರೋಮೋಸೋಮಿನ ಆ ಜಾಗದ ಪಕ್ಕದಲ್ಲೇ ಒಂದು ಹೆಸರಾಂತ ಜೀನ್ ಇದೆ, ಆರ್‌ಬಿ1. ಮಕ್ಕಳ ಕಣ್ಣಿನಲ್ಲಿ ಬರುವ ರೆಟಿನೋಬ್ಲಾಸ್ಟೋಮಾ ಅನ್ನೋ ಗೆಡ್ಡೆಗೆ ಅದು ಕೆಡುವುದೇ ಕಾರಣ. ಗೆಡ್ಡೆ ಬೆಳೆಯದ ಹಾಗೆ ತಡೆಯುವ ಜೀನ್ ಅಂತ ಒಂದಿದೆ, ಅದರ ಎರಡೂ ಪ್ರತಿ ಹೋದರೆ ಕ್ಯಾನ್ಸರ್ ಬರುತ್ತೆ ಅನ್ನೋ ಯೋಚನೆ ಹುಟ್ಟಿದ್ದೇ ಆ ಮಕ್ಕಳ ಕಾಯಿಲೆಯಿಂದ, 1971ರಲ್ಲಿ, ಆಲ್ಫ್ರೆಡ್ ನಡ್ಸನ್ ಅವರ ಲೆಕ್ಕದಿಂದ. ಹಾಗಾಗಿ ಸಿಎಲ್‌ಎಲ್‌ನಲ್ಲೂ 13 ಮುರಿದಿದೆ ಅಂತ ಗೊತ್ತಾದ ಕೂಡಲೇ ಎಲ್ಲರ ಕಣ್ಣು ಆರ್‌ಬಿ1 ಮೇಲೆ ಬಿತ್ತು. ಅದು ಕಳ್ಳ ಅಲ್ಲ ಅಂತ ಆಯಿತು. ಎಷ್ಟೋ ರೋಗಿಗಳಲ್ಲಿ ಆರ್‌ಬಿ1 ಹಾಗೇ ಇತ್ತು, ಪಕ್ಕದ ಜಾಗ ಹೋಗಿತ್ತು. ಸರಿ, ಪಕ್ಕದ ಜಾಗದಲ್ಲಿದ್ದ ಜೀನ್‌ಗಳನ್ನು ಒಂದೊಂದಾಗಿ ಜಾಲಾಡಿದರು. ವರ್ಷಗಟ್ಟಲೆ. ಯಾವುದನ್ನು ಓದಿದರೂ ತಪ್ಪೇ ಕಾಣಲಿಲ್ಲ.

2002ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾರ್ಲೋ ಕ್ರೋಚೆ ಅವರ ಲ್ಯಾಬ್, ಅಲ್ಲಿ ಜಾರ್ಜ್ ಕಾಲಿನ್ ಅನ್ನೋ ರೊಮೇನಿಯಾದಿಂದ ಬಂದ ಡಾಕ್ಟರು, ಹುಡುಕುವ ಜಾಗವನ್ನು ಕಿರಿದು ಮಾಡುತ್ತಾ ಮಾಡುತ್ತಾ ಸುಮಾರು 30,000 ಅಕ್ಷರಗಳಿಗೆ ಇಳಿಸಿದರು. ಡಿಎನ್‌ಎ ಲೆಕ್ಕದಲ್ಲಿ ಅದು ಒಂದು ಕಣದಷ್ಟು ಜಾಗ. ಅಲ್ಲಿ ಪ್ರೋಟೀನ್ ಮಾಡುವ ಜೀನೇ ಇರಲಿಲ್ಲ. ಇದ್ದಿದ್ದು ಎರಡು ಪುಟಾಣಿ ತುಣುಕು, ಒಂದೊಂದೂ 22 ಅಕ್ಷರದ ಆಸುಪಾಸು. ಮಿರ್-15ಎ, ಮಿರ್-16. ಇವು ಮೈಕ್ರೋ ಆರ್‌ಎನ್‌ಎಗಳು. ರೋಗಿಗಳ ಮಾದರಿ ತೆಗೆದು ನೋಡಿದರೆ ಮೂರರಲ್ಲಿ ಎರಡಕ್ಕೂ ಹೆಚ್ಚು ಪಾಲಿನಲ್ಲಿ ಇವು ಹೋಗಿದ್ದವು, ಇಲ್ಲ ತೀರಾ ಕಮ್ಮಿಯಾಗಿದ್ದವು.

ಮೈಕ್ರೋ ಆರ್‌ಎನ್‌ಎ ಅನ್ನೋದೊಂದು ಇದೆ ಅಂತ ಪ್ರಪಂಚಕ್ಕೆ ತಿಳಿದದ್ದೇ 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. ಅದನ್ನು ಕಂಡ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ ನೊಬೆಲ್ ಬಂದದ್ದು 2024ರಲ್ಲಿ, 31 ವರ್ಷ ಬಿಟ್ಟು. ಮೊದಮೊದಲು ಬಹಳ ಜನ ಅದನ್ನು ಹುಳದ ಸಮಾಚಾರ ಅಂತ ಬದಿಗೆ ಇಟ್ಟಿದ್ದರು. ಕಳ್ಳನನ್ನು ಹಿಡಿಯೋಕೆ ಹೋದವರು ಮನೆಮನೆ ಹುಡುಕುತ್ತಿದ್ದರು, ಕಳುವಾದದ್ದು ಮಾತ್ರ ಯಾರೂ ಮನೆ ಅಂತ ಲೆಕ್ಕಕ್ಕೇ ಇಡದ ಗುಡಿಸಲಲ್ಲಿ. ನನಗೆ ಈ ಭಾಗ ಓದಿದಾಗಲೆಲ್ಲ ರೋಮಾಂಚನ ಆಗುತ್ತೆ, ಯಾಕೋ ಗೊತ್ತಿಲ್ಲ, ಅಪ್ಪನ ಕಾಯಿಲೆಯ ವಿಷಯದಲ್ಲಿ ರೋಮಾಂಚನ ಆಗಬಾರದು ಅನ್ನಿಸಿದರೂ.

ಅವು ಮಾಡೋದೇನು? ಜೀನ್ ಅಂದರೆ ಬರೆದಿಟ್ಟ ವಿಧಾನ. ಅದರ ಒಂದು ನಕಲು ತಯಾರಾಗಿ ಹೊರಗೆ ಬರುತ್ತೆ, ಆ ನಕಲು ನೋಡಿಕೊಂಡು ಜೀವಕೋಶ ಪ್ರೋಟೀನ್ ಮಾಡುತ್ತೆ. ಮೈಕ್ರೋ ಆರ್‌ಎನ್‌ಎ ತಾನು ಯಾವ ಪ್ರೋಟೀನನ್ನೂ ಮಾಡಲ್ಲ. ತನಗೆ ಹೊಂದುವ ಅಕ್ಷರ ಇರುವ ನಕಲು ಕಂಡರೆ ಹೋಗಿ ಅಂಟಿಕೊಂಡು, ಸಾಕು ಮಾಡಿದ್ದು ಅಂತ ಅದನ್ನು ಕಮ್ಮಿ ಮಾಡಿಸುತ್ತೆ. ಬರೀ ಹದ್ದುಬಸ್ತಿನ ಕೆಲಸ. ಮಿರ್-15 ಮತ್ತು 16 ಹದ್ದಿನಲ್ಲಿ ಇಡುವ ನಕಲುಗಳಲ್ಲಿ ಮುಖ್ಯವಾದದ್ದು ಬಿಸಿಎಲ್2 ಅನ್ನೋ ಜೀನಿನದು ಅಂತ 2005ರಲ್ಲಿ ಕ್ರೋಚೆ ಲ್ಯಾಬಿನವರೇ ತೋರಿಸಿದರು.

ಈ ಬಿಸಿಎಲ್2 ಅವರಿಗೆ ಹಳೇ ಪರಿಚಯ. 1980ರ ದಶಕದ ನಡುವಿನಲ್ಲಿ ಲಿಂಫೋಮಾ ಅನ್ನೋ ಇನ್ನೊಂದು ಥರದ ಲಿಂಫೋಸೈಟ್ ಕ್ಯಾನ್ಸರಿನಲ್ಲಿ, 14 ಮತ್ತು 18ನೇ ಕ್ರೋಮೋಸೋಮ್‌ಗಳು ಮುರಿದು ಅದಲುಬದಲು ಅಂಟಿಕೊಂಡ ಜಾಗದಲ್ಲಿ ಈ ಜೀನನ್ನು ಮೊದಲು ಹೆಕ್ಕಿದ್ದು ಅದೇ ಕ್ರೋಚೆ ಮತ್ತು ಅವರ ಜೊತೆಯ ತ್ಸುಜಿಮೋಟೋ. ಆಗಿನ ನಂಬಿಕೆ ಏನು ಅಂದರೆ ಕ್ಯಾನ್ಸರ್ ಜೀನ್ ಅಂದರೆ ಜೀವಕೋಶವನ್ನು ಓಡಿಸುವ, ಬೇಗ ಬೇಗ ಇಬ್ಭಾಗ ಮಾಡಿಸುವ ಜೀನ್. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಡೇವಿಡ್ ವಾ ಮತ್ತವರ ಜೊತೆಯವರು ನೋಡಿದರೆ ಬಿಸಿಎಲ್2 ಯಾರನ್ನೂ ಓಡಿಸುತ್ತಿರಲಿಲ್ಲ. ಸಾಯಬೇಕಾದ ಜೀವಕೋಶ ಸಾಯದ ಹಾಗೆ ತಡೆಯುತ್ತಿತ್ತು, ಅಷ್ಟೇ. ಕ್ಯಾನ್ಸರ್ ಅಂದರೆ ಹುಟ್ಟು ಜಾಸ್ತಿಯಾಗುವುದು ಮಾತ್ರ ಅಲ್ಲ, ಸಾವು ಕಮ್ಮಿಯಾಗುವುದೂ ಹೌದು ಅಂತ ಗೊತ್ತಾದದ್ದು ಅಲ್ಲಿಂದ. ಒಂದು ಕಡೆಯಿಂದ ಬಿಸಿಎಲ್2 ಹಿಡಿದವರು, 20 ವರ್ಷ ಕಳೆದು ಬೇರೆ ಕಾಯಿಲೆಯಲ್ಲಿ ಬೇರೆ ಕ್ರೋಮೋಸೋಮಿನಿಂದ ಹೊರಟು ತಿರುಗಿ ಅದೇ ಬಾಗಿಲಿಗೆ ಬಂದು ನಿಂತರು.

ಇಷ್ಟನ್ನೆಲ್ಲ ಒಂದು ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಜಗುಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಸಾವು ತಡೆಯುವುದನ್ನು ತಡೆಯುವುದು ಹೋಯಿತು ಅಂತ ನಾನು ಮೂರು ಸಲ ಹೇಳಿ ನಾನೇ ಎಡವುತ್ತಿದ್ದೆ. ಅಪ್ಪ ಬೀಜ ಒಂದು ಕಡೆ ಹಾಕುತ್ತಾ, ತಲೆ ಎತ್ತದೆ, "ಅಂದ್ರೆ ನೀರುಗಂಟಿ ಸತ್ತೋದ ಅನ್ನು" ಅಂದರು.

ನೀರುಗಂಟಿ ಅಂದರೆ ಈಗಿನ ಮಕ್ಕಳಿಗೆ ಗೊತ್ತಿರಲ್ಲ. ಕೆರೆಯ ನೀರು ಬಿಡುವವನು. ಏರಿಯ ಒಳಗಡೆ, ನೀರಿನಲ್ಲಿ ನಿಂತ ಎರಡು ಕಲ್ಲುಕಂಬದ ನಡುವೆ ತೂಬು, ಅದರ ಬಾಯಿಗೆ ಮರದ ಬಿರಡೆ. ಆ ಬಿರಡೆ ಮುಟ್ಟುವ ಹಕ್ಕು ನೀರುಗಂಟಿಗೆ ಮಾತ್ರ. ಯಾವ ದಿನ ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು, ಎಲ್ಲ ಅವನ ತಲೆಯಲ್ಲಿ. ಸುಗ್ಗಿಯಲ್ಲಿ ಮನೆಮನೆಯಿಂದ ಅವನಿಗೆ ಇಷ್ಟು ಅಂತ ಕಾಳು. ತಾತನ ಕಾಲದಲ್ಲಿ ನಮ್ಮೂರಲ್ಲೂ ಇದ್ದನಂತೆ, ಅಪ್ಪ ಚಿಕ್ಕಂದಿನಲ್ಲಿ ಅವನ ಹಿಂದೆ ಏರಿ ಮೇಲೆ ಓಡಿದವರು. "ಬಿರಡೆ ಎತ್ತೋನು ಇಲ್ದಿದ್ರೆ ಬಿರಡೆ ಹಾಗೇ ಕೂತಿರುತ್ತೆ. ಹಳ್ಳದಿಂದ ಬರೋ ನೀರು ಬರ್ತಾನೇ ಇರುತ್ತೆ. ಕೆರೆ ತುಂಬ್ತದೆ. ಒಂದಿನಕ್ಕಲ್ಲ, ನಿಧಾನಕ್ಕೆ. ನನ್ನದೂ ಅಷ್ಟೇ ಅಲ್ವೇನೋ?"

ಅಷ್ಟೇ. ಬಿರಡೆ ಅಂದರೆ ಬಿಸಿಎಲ್2. ನೀರುಗಂಟಿ ಅಂದರೆ ಆ 22 ಅಕ್ಷರದ ಎರಡು ತುಣುಕು. ತೂಬಿನಿಂದ ಹರಿದು ಹೋಗಬೇಕಾದದ್ದು ವಯಸ್ಸಾದ ಬಿ ಲಿಂಫೋಸೈಟುಗಳು, ಅಂದರೆ ಈ ಕಾಯಿಲೆ ಹಿಡಿಯುವ ಜಾತಿಯ ಲಿಂಫೋಸೈಟುಗಳು. ನಾನು ಮೂರು ವಾರ ಓದಿ ಸುತ್ತಿಬಳಸಿ ಹೇಳಿದ್ದನ್ನು ಮೇಷ್ಟ್ರು ಹುಣಸೆಹಣ್ಣು ಬಿಡಿಸುತ್ತಾ ಹೇಳಿಬಿಟ್ಟರು. ಹೊಟ್ಟೆಕಿಚ್ಚೂ ಆಯಿತು.

ಸ್ವಲ್ಪ ಸೇಡು ತೀರಿಸಿಕೊಳ್ಳೋಣ ಅಂತ, ಪೂರ್ತಿ ಹಾಗಲ್ಲ ಅಪ್ಪ ಅಂತ ಶುರು ಮಾಡಿದೆ. ಸಿಎಲ್‌ಎಲ್ ಜೀವಕೋಶಗಳು ಹುಟ್ಟುವುದೇ ಕಮ್ಮಿ, ಸುಮ್ನೆ ಸಾಯದೆ ಗುಡ್ಡೆ ಬೀಳುತ್ತವೆ ಅಂತಲೇ ಎಲ್ಲರೂ ಬಹಳ ಕಾಲ ಅಂದುಕೊಂಡಿದ್ದರು. 2005ರಲ್ಲಿ ಅಮೆರಿಕದಲ್ಲಿ ಕೆಲವು ರೋಗಿಗಳಿಗೆ ದಿನವೂ ಸ್ವಲ್ಪ ಸ್ವಲ್ಪ ಭಾರಜಲ ಕುಡಿಸಿ ನೋಡಿದರು. ಹೊಸದಾಗಿ ಹುಟ್ಟುವ ಜೀವಕೋಶದ ಡಿಎನ್‌ಎಯಲ್ಲಿ ಆ ಭಾರದ ಹೈಡ್ರೋಜನ್ ಸೇರಿಕೊಳ್ಳುತ್ತೆ, ಅಳೆದರೆ ದಿನಕ್ಕೆಷ್ಟು ಹುಟ್ಟಿದವು ಅಂತ ಗೊತ್ತಾಗುತ್ತೆ. ದಿನಕ್ಕೆ ಸಾವಿರಕ್ಕೆ ಒಂದರಿಂದ ಹಿಡಿದು ನೂರಕ್ಕೆ ಒಂದಕ್ಕಿಂತ ಜಾಸ್ತಿವರೆಗೆ ಹುಟ್ಟುತ್ತಿದ್ದವು. ಕೋಟಿಗಟ್ಟಲೆ ಇರುವಾಗ ನೂರಕ್ಕೆ ಒಂದು ಕಮ್ಮಿಯಲ್ಲ. ಮಿರ್-15 ಮತ್ತು 16 ಬಿಸಿಎಲ್2 ಒಂದನ್ನೇ ಕಾಯುವುದೂ ಇಲ್ಲ, ಜೀವಕೋಶ ಇಬ್ಭಾಗ ಆಗೋಕೆ ಬೇಕಾದ ಸೈಕ್ಲಿನ್ ಅನ್ನೋ ಪ್ರೋಟೀನುಗಳ ಮೇಲೂ ಅವುಗಳ ಕೈ ಇದೆ. ಅಪ್ಪ ಕೇಳಿಸಿಕೊಂಡು, "ಹಂಗಾದ್ರೆ ಮಳೆನೂ ಒಂಚೂರು ಜಾಸ್ತಿ ಅನ್ನು" ಅಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಕೆರೆ ತುಂಬಿದರೆ ಏನು ತೊಂದರೆ ಅಂತ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಬಿಳಿ ರಕ್ತಕಣ ಅಂದರೆ ಮೈ ಕಾಯುವ ಸೈನಿಕರು ಅಲ್ವಾ, ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ? ಅಲ್ಲ. ಇವೆಲ್ಲ ಒಂದೇ ಜೀವಕೋಶದ ನಕಲುಗಳು, ಎಲ್ಲಕ್ಕೂ ಒಂದೇ ಪಾಠ ಬಾಯಿಪಾಠ, ಬೇರೆ ರೋಗಾಣು ಬಂದರೆ ಕೈಲಾಗಲ್ಲ. ಕೆಲಸಕ್ಕೆ ಬರುವ ಲಿಂಫೋಸೈಟುಗಳ ಜಾಗವನ್ನೂ ಇವೇ ತಿನ್ನುತ್ತವೆ. ಅದಕ್ಕೇ ಸಿಎಲ್‌ಎಲ್ ಇರುವವರಿಗೆ ಸೋಂಕು ಜಾಸ್ತಿ, ಸರ್ಪಸುತ್ತೂ ಜಾಸ್ತಿ. 71 ವರ್ಷಕ್ಕೆ ಸರ್ಪಸುತ್ತು ಹಾಗೇ ಬರಲೂಬಹುದು, ಅಪ್ಪನದಕ್ಕೆ ಇದೇ ಕಾರಣ ಅಂತ ಯಾರೂ ಪ್ರಮಾಣ ಮಾಡಿ ಹೇಳಲ್ಲ. ಆದರೆ ಡಾಕ್ಟರು ನ್ಯುಮೋನಿಯಾ ಲಸಿಕೆ, ಫ್ಲೂ ಲಸಿಕೆ ಹಾಕಿಸಿದರು, ಜೀವಂತ ರೋಗಾಣು ಇರುವ ಲಸಿಕೆ ಮಾತ್ರ ಯಾವತ್ತೂ ಬೇಡ ಅಂದರು. ಇನ್ನೂ ಮುಂದೆ ಹೋದರೆ ಮೂಳೆಮಜ್ಜೆ ತುಂಬಿ, ಕೆಂಪುಕಣ ಮತ್ತು ಪ್ಲೇಟ್‌ಲೆಟ್ ಹುಟ್ಟೋಕೆ ಜಾಗ ಇಲ್ಲದೆ ಅವು ಕುಸಿಯುತ್ತವೆ. ಔಷಧಿ ಶುರು ಮಾಡುವುದು ಅಂಥ ಹೊತ್ತಿಗೆ.

ಒಂದೇ ಲ್ಯಾಬಿನ ಮಾತು ನಂಬಿ ಕೂರೋದು ಬೇಡ ಅಂತ ನಾನು ಇನ್ನೂ ಸ್ವಲ್ಪ ಕೆದಕಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಉಲ್ಫ್ ಕ್ಲೈನ್, ರಿಕಾರ್ಡೋ ಡಲ್ಲಾ ಫವೇರಾ ಮತ್ತಿತರರು 2010ರಲ್ಲಿ ಇಲಿಗಳಲ್ಲಿ ಈ ತುಣುಕನ್ನು ಬೇಕಂತಲೇ ತೆಗೆದು ನೋಡಿದ್ದಾರೆ. ಇಲಿಗಳಿಗೆ ಸಿಎಲ್‌ಎಲ್ ಥರದ ಕಾಯಿಲೆ ಬಂತು. ಆದರೆ ಎಲ್ಲಕ್ಕೂ ಬರಲಿಲ್ಲ, ಬಂದವಕ್ಕೂ ವಯಸ್ಸಾದ ಮೇಲೆ ಬಂತು. ಮಿರ್ ಎರಡನ್ನೇ ತೆಗೆದಾಗ ಕಾಯಿಲೆ ಮೆತ್ತಗಿತ್ತು, ಅಕ್ಕಪಕ್ಕದ ಜಾಗವನ್ನೂ ಸೇರಿಸಿ ತೆಗೆದಾಗ ಜೋರಾಯಿತು. ಅಂದರೆ ಆ ಗುಡಿಸಲಲ್ಲಿ ಇನ್ನೂ ಯಾರೋ ಇದ್ದರು.

ಇಲಿಯ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಆ "ಎಲ್ಲಕ್ಕೂ ಬರಲಿಲ್ಲ" ಅನ್ನೋ ಭಾಗ. ಜೀನ್ ಹೋಯಿತು, ಕ್ಯಾನ್ಸರ್ ಬಂತು ಅಂತ ನಾವು ನೇರವಾಗಿ ಗೆರೆ ಎಳೆದುಬಿಡುತ್ತೇವೆ. ವಯಸ್ಸಾದವರಲ್ಲಿ, ಏನೂ ಕಾಯಿಲೆ ಇಲ್ಲದವರಲ್ಲಿ, ಇದೇ ಥರದ ಬಿ ಲಿಂಫೋಸೈಟುಗಳ ಒಂದು ಸಣ್ಣ ಗುಂಪು ರಕ್ತದಲ್ಲಿ ಇರುವುದುಂಟು, ಅವುಗಳಲ್ಲೂ ಇದೇ 13ರ ತುಣುಕು ಹೋಗಿರುವುದುಂಟು. ಸಿಎಲ್‌ಎಲ್ ಅನ್ನಬೇಕಾದರೆ ಈ ಬಿ ಲಿಂಫೋಸೈಟುಗಳು ಮೈಕ್ರೋಲೀಟರಿಗೆ 5,000 ದಾಟಬೇಕು, ಮೂರು ತಿಂಗಳು ಹಾಗೇ ಇರಬೇಕು. ಅದಕ್ಕಿಂತ ಕಮ್ಮಿ ಇದ್ದು, ಆದರೂ ಲಿಂಫೋಸೈಟ್ ಎಣಿಕೆ ಮಾಮೂಲಿಗಿಂತ ಮೇಲಿರುವವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬಿಬ್ಬರು ಮಾತ್ರ ಔಷಧಿ ಬೇಕಾಗುವ ಹಂತಕ್ಕೆ ಹೋಗುತ್ತಾರೆ. ಮಿಕ್ಕವರು ಹಾಗೇ ಇದ್ದುಬಿಡುತ್ತಾರೆ, ಎಷ್ಟೋ ಜನಕ್ಕೆ ಗೊತ್ತೂ ಆಗಲ್ಲ. ಸರ್ಪಸುತ್ತು ಏಳದಿದ್ದರೆ, ಆ ಡಾಕ್ಟರು ಸಕ್ಕರೆ ನೋಡೋಣ ಅನ್ನದಿದ್ದರೆ, ಅಪ್ಪನಿಗೂ ಇವತ್ತಿನವರೆಗೆ ಗೊತ್ತಾಗುತ್ತಿರಲಿಲ್ಲ.

ತಂಗಿಗೆ ಬೇರೆ ಚಿಂತೆ. ಅಣ್ಣಾ, ಜೀನ್ ಅಂದಮೇಲೆ ನಮಗೂ ಬರುತ್ತೆ ಅಲ್ವಾ, ನನ್ನ ಮಕ್ಕಳಿಗೆ? ಇದು ಬಹಳ ಜನ ಎಡವುವ ಜಾಗ. ಅಪ್ಪನ ಮೈಯ ಎಲ್ಲ ಜೀವಕೋಶದಲ್ಲೂ ಆ ತುಣುಕು ಹೋಗಿಲ್ಲ. ಯಾವತ್ತೋ ಒಂದು ದಿನ, ಒಂದು ಬಿ ಲಿಂಫೋಸೈಟಿನಲ್ಲಿ ಹೋಗಿದೆ, ಈಗಿರುವವು ಅದರ ಪೀಳಿಗೆ. ಚರ್ಮ, ಕಣ್ಣು, ನಮಗೆ ಕೊಟ್ಟ ಬೀಜ, ಎಲ್ಲೂ ಆ ಡಿಲೀಟ್ ಇಲ್ಲ. ಸಿಎಲ್‌ಎಲ್ ಇರುವವರ ಮಕ್ಕಳು, ಒಡಹುಟ್ಟಿದವರಿಗೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚಿನ ಸಾಧ್ಯತೆ ಇರುವುದು ನಿಜ, ಆದರೆ ಅದು ಈ ತುಣುಕು ನಮಗೆ ಬಳುವಳಿ ಬಂದದ್ದರಿಂದಲ್ಲ. ತಂಗಿ ಪೂರ್ತಿ ಒಪ್ಪಲಿಲ್ಲ. ಮಗನ ರಕ್ತ ಮಾಡಿಸಿ, ಸರಿಯಿದೆ ಅಂತ ನೋಡಿದ ಮೇಲೇ ಅವಳಿಗೆ ನಿದ್ದೆ ಬಂದದ್ದು.

ಎಲ್ಲ ಕಳೆದುಹೋಗುವಿಕೆಯೂ ಹೀಗೆ ಸೌಮ್ಯ ಅಲ್ಲ, ಇದನ್ನು ಹೇಳದಿದ್ದರೆ ತಪ್ಪಾಗುತ್ತೆ. 17ರ ತುಣುಕು ಹೋದರೆ ಅದರ ಜೊತೆ ಟಿಪಿ53 ಹೋಗುತ್ತೆ, ಡಿಎನ್‌ಎ ಕೆಟ್ಟಾಗ ನಿಲ್ಲು ಅನ್ನುವ ಜೀನ್ ಅದು. ಅದು ಹೋದರೆ ಹಳೇ ಕೀಮೋ ಔಷಧಿಗಳು ಅಷ್ಟಾಗಿ ನಾಟುವುದಿಲ್ಲ. ಮಕ್ಕಳಲ್ಲಿ ಜಾಸ್ತಿ ಬರುವ ಬಿರುಸಿನ ಲ್ಯುಕೀಮಿಯಾ, ಎಎಲ್‌ಎಲ್‌ನಲ್ಲಿ ಕೆಲವರಿಗೆ ಇಕಾರಸ್ ಅನ್ನೋ ಜೀನ್ ಹೋಗುತ್ತೆ. ಎಳೆಯ ಜೀವಕೋಶಕ್ಕೆ ನೀನು ಲಿಂಫೋಸೈಟ್ ಆಗಿ ಬಲಿ ಅಂತ ದಾರಿ ತೋರುವವನು ಅವನು. ಅವನು ಹೋದರೆ ಜೀವಕೋಶ ಬಲಿಯದೆ ಎಳಸಾಗೇ ಉಳಿದು ಹೆಚ್ಚುತ್ತೆ. 9 ಮತ್ತು 22ನೇ ಕ್ರೋಮೋಸೋಮ್‌ಗಳು ಮುರಿದು ಅದಲುಬದಲು ಅಂಟಿಕೊಂಡ, ಫಿಲಡೆಲ್ಫಿಯಾ ಕ್ರೋಮೋಸೋಮ್ ಅನ್ನೋದು ಇರುವ ಎಎಲ್‌ಎಲ್‌ನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ರೋಗಿಗಳಲ್ಲಿ ಇಕಾರಸ್ ಹೋಗಿರುವುದನ್ನು 2008ರಲ್ಲಿ ಕಂಡರು, ಮರುವರ್ಷ, ಅದು ಹೋದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಅಂತಲೂ ಕಂಡರು. ನೀರುಗಂಟಿ ಹೋಗುವುದೇ ಬೇರೆ, ಏರಿಯೇ ಹೋಗುವುದೇ ಬೇರೆ.

ಔಷಧಿಯ ವಿಷಯ. ಮುಂದೆ ಅಪ್ಪನಿಗೆ ಬೇಕಾದರೆ ಡಾಕ್ಟರು ಹೇಳಿರುವ ಹೆಸರುಗಳಲ್ಲಿ ಒಂದು ವೆನೆಟೋಕ್ಲಾಕ್ಸ್. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2016ರ ಏಪ್ರಿಲ್‌ನಲ್ಲಿ, ಮೊದಲು 17ರ ತುಣುಕು ಹೋದ ಸಿಎಲ್‌ಎಲ್‌ನವರಿಗೆ. ಕಳೆದುಹೋದ ಮಿರ್ ತುಣುಕನ್ನು ವಾಪಸ್ ತಂದು ಹಾಕುವ ಔಷಧಿ ಅಲ್ಲ ಅದು. ನೀರುಗಂಟಿ ಬರಲ್ಲ. ಔಷಧಿ ನೇರವಾಗಿ ಬಿಸಿಎಲ್2 ಪ್ರೋಟೀನಿನ ಒಂದು ಗುಳಿಯಲ್ಲಿ ಹೋಗಿ ಕೂತು ಅದರ ಕೈ ಕಟ್ಟಿಹಾಕುತ್ತೆ, ಅಂದರೆ ಹೊರಗಿನವನೊಬ್ಬ ನೀರಿಗೆ ಇಳಿದು ಬಿರಡೆ ಕಿತ್ತ ಹಾಗೆ. ಇದರ ಮಜಾ ಇರುವುದು ಡೋಸಿನಲ್ಲಿ. ಮೊದಲ ವಾರ ದಿನಕ್ಕೆ ಬರೀ 20 ಮಿಲಿಗ್ರಾಂ, ಎರಡನೇ ವಾರ 50, ಆಮೇಲೆ 100, 200, ಐದನೇ ವಾರಕ್ಕೆ 400. ಶುರುವಿನಲ್ಲೇ 400 ಕೊಟ್ಟುಬಿಟ್ಟರೆ ಜೀವಕೋಶಗಳೆಲ್ಲ ಒಟ್ಟಿಗೆ ಸತ್ತು, ಒಳಗಿನ ಪೊಟ್ಯಾಸಿಯಂ, ಫಾಸ್ಫೇಟ್, ಯೂರಿಕ್ ಆಸಿಡ್ ಎಲ್ಲ ರಕ್ತಕ್ಕೆ ಒಂದೇ ಸಲ ಸುರಿದು ಮೂತ್ರಪಿಂಡ ಕೆಡಬಹುದು, ಹೃದಯದ ಬಡಿತವೇ ತಪ್ಪಬಹುದು. ಅಪ್ಪನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ತುಂಬಿದ ಕೆರೆಯ ಬಿರಡೆ ಒಂದೇ ಸಲ ಕಿತ್ತರೆ ಕೆಳಗಿನ ಗದ್ದೆ ಉಳಿಯುತ್ತಾ ಅಂದರು. ಅಮೆರಿಕದವರಿಗೆ ಇದು ಗೊತ್ತಾಗೋಕೆ ಮೊದಮೊದಲ ಪ್ರಯೋಗಗಳಲ್ಲಿ ಕೆಲವು ರೋಗಿಗಳ ಜೀವ ಹೋಗಬೇಕಾಯಿತು ಅಂತ ನಾನು ಹೇಳಲಿಲ್ಲ.

ಅತ್ತೆ ಇನ್ನೂ ಬಿಟ್ಟಿಲ್ಲ. ಪಪ್ಪಾಯಿ ಎಲೆ, ಗೋಧಿ ಹುಲ್ಲಿನ ರಸ, ಯಾರೋ ಕಾಡಿನ ಪಂಡಿತರ ಫೋನ್ ನಂಬರು, ದಿನಕ್ಕೊಂದು ವಾಟ್ಸಾಪ್ ಬರುತ್ತೆ. ಅಪ್ಪ ಎಲ್ಲಕ್ಕೂ ಕೈಮುಗಿಯುವ ಚಿತ್ರ ಹಾಕುತ್ತಾರೆ, ಒಂದನ್ನೂ ಮಾಡಲ್ಲ. ಅವರದೇ ಒಂದು ಪದ್ಧತಿ ಇದೆ. ಎಲ್‌ಐಸಿಯವರು ಕೊಟ್ಟ ಡೈರಿಯಲ್ಲಿ, ಹಾಲಿನ ಲೆಕ್ಕ ಬರೆಯುವ ಪುಟದ ಹಿಂದೆ, ಶಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ದಿನಾಂಕ, ಬಿಳಿ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಅಂತ ನಾಲ್ಕು ಕಾಲಂ ಮಾಡಿದ್ದಾರೆ. 28,400. 30,100. 29,700. 33,900. ಎಣಿಕೆ ಏರುವುದಕ್ಕಿಂತ ಎಷ್ಟು ಬೇಗ ಏರುತ್ತೆ ಅನ್ನೋದನ್ನು ನೋಡಬೇಕು, ಆರು ತಿಂಗಳೊಳಗೆ ಎರಡರಷ್ಟಾದರೆ ಮಾತ್ರ ನನಗೆ ಫೋನ್ ಮಾಡಿ ಅಂತ ಡಾಕ್ಟರು ಹೇಳಿದ್ದನ್ನು ಕೆಂಪು ಪೆನ್ನಿನಲ್ಲಿ ಮೇಲೆ ಬರೆದುಕೊಂಡಿದ್ದಾರೆ.

ಮೊನ್ನೆ ಐದನೆಯದು ಬಂತು. ನಾನು ರಿಪೋರ್ಟ್ ತೆರೆಯುವಷ್ಟರಲ್ಲಿ ಅಪ್ಪನೇ ಫೋನ್ ಮಾಡಿದರು. "34,600 ಕಣೋ" ಅಂದರು, ಆಮೇಲೆ ಒಂದು ಕ್ಷಣ ಬಿಟ್ಟು, "ಊರ ಕೆರೆಗೆ ಈ ಸಲ ನೀರೇ ಬಂದಿಲ್ಲ, ನೋಡಿದ್ಯಾ?" ಅಂತ ಕೇಳಿದರು.